ಕೆಡಹುವುದೋ, ಉಳಿಸುವುದೋ?

ತಾಯಲೂರಿನಿಂದ ನಮ್ಮ ವಾಚಕಿಯರೊಬ್ಬರು ಬರೆದಿರುವ ಕಾಗದವೊಂದು ಈ ತಿಂಗಳು ನಮ್ಮ ಮುಂದಿದೆ. ಆ ತಾಯಿಯ ಮನೆಯು ಮೂರು ತಲೆಮಾರುಗಳಿಂದ ಬಂದುದು. ಮಣ್ಣಿನ ದಪ್ಪ ಗೋಡೆ, ಮರದ ಕಂಬ, ನಡುವೆ ತೊಟ್ಟಿ, ಮೇಲೆ ನಾಡಹೆಂಚು. ಬೆಂಗಳೂರಿನಲ್ಲಿ ಉದ್ಯೋಗಸ್ಥನಾಗಿರುವ ಮಗನು ಹಬ್ಬಕ್ಕೆ ಬಂದಾಗಲೆಲ್ಲ ಇದನ್ನು ಕೆಡಹಿ ಹೊಸ ಮನೆಯನ್ನು ಕಟ್ಟಿಸೋಣವೆಂದು ಪ್ರಸ್ತಾಪವೆತ್ತುತ್ತಾನಂತೆ. ಮಾವನವರು ಒಪ್ಪರು. "ತಾತ, ಬೆಂಗಳೂರಿನಲ್ಲಿ ಹಳೆಯದನ್ನೆಲ್ಲ ಹಾಗೆಯೇ ಇಟ್ಟುಕೊಂಡಿದ್ದರೆ ಮೆಟ್ರೋ ರೈಲು ಎಲ್ಲಿ ಓಡುತ್ತಿತ್ತು?" ಎಂದು ಮೊಮ್ಮಗನ ಪ್ರಶ್ನೆ. "ಓಡುವವನಿಗೆ ರೈಲು ಸಾಕು ಕಣಪ್ಪ, ಕೂರುವವನಿಗೆ ಜಗಲಿ ಬೇಕು" ಎಂದು ತಾತನ ಉತ್ತರ. ವಾದವು ಮನೆಯಿಂದ ಹೊರಟು ಬೆಂಗಳೂರು ಮೈಸೂರುಗಳನ್ನೆಲ್ಲ ಸುತ್ತಿ ಬರುವುದಂತೆ. ಕಡೆಯಲ್ಲಿ ಆ ತಾಯಿ ಬರೆಯುತ್ತಾರೆ: "ಇಬ್ಬರ ಮಾತೂ ನನಗೆ ಸರಿಯೆಂದೇ ತೋರುತ್ತದೆ. ಒಲೆಯ ಮುಂದಿರುವ ನನ್ನನ್ನು ಮಾತ್ರ ಇಬ್ಬರೂ ಕೇಳಲಿಲ್ಲ. ಹಳೆಯದನ್ನು ಕೆಡಹುವುದು ತಪ್ಪೇ? ನೀವಾದರೂ ಹೇಳಿರಿ."

ತಾತ ಮೊಮ್ಮಗರ ಈ ವಾದವು ಒಂದು ಮನೆಯದಲ್ಲ. ಬೆಳೆಯುತ್ತಿರುವ ಪ್ರತಿಯೊಂದು ಊರಿನಲ್ಲಿಯೂ ಇದು ನಡೆದಿದೆ, ನ್ಯಾಯಾಲಯಗಳವರೆಗೂ ಹೋಗಿದೆ. ಒಂದು ಪಕ್ಷದವರು ಹಳೆಯ ಕಟ್ಟಡವೆಂದೊಡನೆ ಕೈಮುಗಿಯುತ್ತಾರೆ. ಇನ್ನೊಂದು ಪಕ್ಷದವರು ಗುದ್ದಲಿ ಹಿಡಿಯುತ್ತಾರೆ. ಇಬ್ಬರಿಗೂ ಒಂದೊಂದು ಮಾತು ಹೇಳಬೇಕಾಗಿದೆ.

ಮೊದಲು ಹಳೆಯದರ ಅಭಿಮಾನಿಗಳಿಗೆ. ತೊಟ್ಟಿಮನೆಯ ತಂಪನ್ನು ಹೊಗಳುವವರಲ್ಲಿ ಆ ಮನೆಯ ಹೊಗೆಯನ್ನು ಕುಡಿದವರು ಬಹು ಕಡಮೆ. ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ಊದುಗೊಳವೆ ಹಿಡಿದು ಕಣ್ಣು ಕೆಂಪಾಗಿಸಿಕೊಂಡ ಸೊಸೆಯಂದಿರು, ಬೆಳಗಾಗುವ ಮುನ್ನ ಕತ್ತಲಲ್ಲಿ ಊರ ಹೊರಕ್ಕೆ ಹೋಗಬೇಕಾಗಿದ್ದ ಹೆಣ್ಣುಮಕ್ಕಳು, ಇವರನ್ನು ಕೇಳಿದರೆ ಹಳೆಯ ಮನೆಯ ವರ್ಣನೆ ಬೇರೆಯೇ ಆಗುವುದು. ಊರುಗಳ ವಿಷಯವೂ ಹಾಗೆಯೇ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಪೇಟೆಯ ಕೇರಿಗಳಲ್ಲಿ ಜನರು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಗಲವಾದ ಬೀದಿಗಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುದು ಆ ಸಂಕಟದಿಂದಲೇ. ಮೈಸೂರಿನಲ್ಲಿ ೧೯೦೩ರಲ್ಲಿ ನಗರಾಭಿವೃದ್ಧಿಗೆಂದೇ ವಿಶ್ವಸ್ತ ಮಂಡಲಿಯು ಸ್ಥಾಪಿತವಾಗಿ ಇಕ್ಕಟ್ಟಾದ ಭಾಗಗಳನ್ನು ತೆರವು ಮಾಡಿಸಿ ಹೊಸ ಬಡಾವಣೆಗಳನ್ನು ಹಾಕಿಸಿತು. ಅಂದು ಕೆಡಹಿದವರನ್ನು ಇಂದು ಯಾರೂ ದೂರುವುದಿಲ್ಲ.

ಇನ್ನೂ ಒಂದು ಮಾತುಂಟು. ಇಂದು ನಾವು ಹಳೆಯದೆಂದು ಕಾಪಾಡಹೊರಟಿರುವುದೆಲ್ಲ ಒಂದು ಕಾಲದಲ್ಲಿ ಹೊಸದಾಗಿದ್ದಿತು. ಹೊಸದಾಗುವಾಗ ಮತ್ತೊಂದರ ಮೇಲೆಯೇ ಎದ್ದು ನಿಂತಿತು. ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು ತೋಡಿಸಿ, ಪೂರೈಸದೆ ಉಳಿದ ನಾಲೆಯನ್ನು ಮುಚ್ಚಿದ ಮೇಲೆಯೇ ಸಯ್ಯಾಜಿರಾವ್ ರಸ್ತೆಯಾದುದು. ಪ್ರವಾಸಿಗಳು ಬೆರಗಾಗಿ ನೋಡುವ ಈಗಿನ ಅರಮನೆಯೂ ೧೮೯೭ರಲ್ಲಿ ಮರದ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾದ ಬಳಿಕ ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ಕಟ್ಟಲ್ಪಟ್ಟು ೧೯೧೨ರಲ್ಲಿ ಮುಗಿದುದು. ಅಂದಮೇಲೆ ಹಳೆಯದೆಂಬ ಒಂದೇ ಕಾರಣದಿಂದ ಯಾವುದೂ ಪೂಜ್ಯವಾಗುವುದಿಲ್ಲ.

ಮೊಮ್ಮಗನು ಇಷ್ಟನ್ನು ಓದಿ ಸಂತೋಷಪಡಬಹುದು. ಆತನು ಸ್ವಲ್ಪ ತಾಳಬೇಕು. ಮೈಸೂರಿನ ಹೆಸರು ಬಂದುದರಿಂದ, ಅಲ್ಲಿಯ ಎರಡು ಕಟ್ಟಡಗಳ ಕಥೆಯನ್ನು ಸಾವಕಾಶವಾಗಿ ನೋಡೋಣ. ಈ ಚರ್ಚೆಯ ಒಳಗುಟ್ಟೆಲ್ಲ ಅಲ್ಲಿದೆಯೆಂದು ನಮ್ಮ ಅಭಿಪ್ರಾಯ.

ಅರಮನೆಯಿಂದ ಅನತಿದೂರದಲ್ಲಿ, ಚಿಕ್ಕ ಗಡಿಯಾರದ ಮಗ್ಗುಲಲ್ಲಿ, ದೇವರಾಜ ಮಾರುಕಟ್ಟೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹುಟ್ಟಿದುದು. ಅದರೊಳಕ್ಕೆ ಒಮ್ಮೆ ಹೊಕ್ಕವರು ಆ ಪರಿಮಳವನ್ನು ಮರೆಯಲಾರರು. ಒಂದು ಸಾಲಿನಲ್ಲಿ ಮಲ್ಲಿಗೆ ಸೇವಂತಿಗೆ, ಇನ್ನೊಂದರಲ್ಲಿ ವೀಳೆಯದೆಲೆ, ಮತ್ತೊಂದರಲ್ಲಿ ಬಾಳೆಯ ಗೊನೆಗಳು, ಗೋಪುರದಂತೆ ಕೂಡಿಟ್ಟ ಕುಂಕುಮ ಅರಿಸಿನ. ಅಲ್ಲಿಂದ ಹೆಚ್ಚು ದೂರವಿಲ್ಲದ ಲ್ಯಾನ್ಸ್‌ಡೌನ್ ಕಟ್ಟಡವು ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್‌ನ ಭೇಟಿಯ ನೆನಪಿಗಾಗಿ ೧೮೯೨ರಲ್ಲಿ ಎದ್ದುದು. ಹಳೆಯ ಪುಸ್ತಕಗಳನ್ನು ಕೊಳ್ಳುವ ಅಭ್ಯಾಸವುಳ್ಳವರಿಗೆ ಅದರ ಪರಿಚಯ ಹೇಳಬೇಕಾದುದಿಲ್ಲ. ಪಠ್ಯಪುಸ್ತಕಕ್ಕೆ ಪೂರ್ಣ ಬೆಲೆ ಕೊಡಲಾರದ ಎಷ್ಟೋ ಬಡ ವಿದ್ಯಾರ್ಥಿಗಳಿಗೆ ಅಲ್ಲಿಯ ಅಂಗಡಿಗಳೇ ಆಸರೆಯಾಗಿದ್ದುವು. ಎರಡೂ ನಗರಪಾಲಿಕೆಯ ಸ್ವತ್ತು. ಎರಡರಲ್ಲಿಯೂ ಬಾಡಿಗೆದಾರರಾದ ವರ್ತಕರು, ಅವರನ್ನು ನಂಬಿದ ಸಂಸಾರಗಳು.

೨೦೧೨ನೆಯ ಆಗಸ್ಟ್ ೨೫ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಈ ಸಂಗತಿಯನ್ನು ಯಾವ ಪರಂಪರೆಯ ಪ್ರೇಮಿಯೂ ಬದಿಗೆ ಸರಿಸಿ ಮಾತನಾಡಲಾಗದು. ಬೆಳಗ್ಗೆ ಮನೆಯಿಂದ ಹೊರಟವರು ಸಂಜೆ ಹಿಂದಿರುಗಲಿಲ್ಲ. ಅವರ ಮನೆಯವರ ಮುಂದೆ ನಿಂತು ಕಮಾನಿನ ಅಂದವನ್ನು ವರ್ಣಿಸುವ ಧೈರ್ಯ ನಮಗಿಲ್ಲ. ನಾಲ್ಕು ವರ್ಷಗಳಾದ ಮೇಲೆ, ೨೦೧೬ರ ಆಗಸ್ಟ್ ೨೮ರಂದು, ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲಿನ ಭಾಗವು ಬಿದ್ದಿತು. ಅದೂ ದುರಸ್ತಿಯ ಕೆಲಸ ನಡೆಯುತ್ತಿದ್ದ ಕಾಲದಲ್ಲಿ.

ಅಲ್ಲಿಂದ ಮುಂದೆ ಹತ್ತು ವರ್ಷಗಳ ವಾಗ್ವಾದ. ಇವು ಶಿಥಿಲವಾಗಿವೆ, ಕೆಡಹಿ ಅದೇ ರೂಪದಲ್ಲಿ ಹೊಸದಾಗಿ ಕಟ್ಟಬೇಕು ಎಂದು ಒಂದು ಕಡೆಯ ತಜ್ಞರು. ಬಿದ್ದುದು ಒಂದು ಭಾಗ ಮಾತ್ರ, ಉಳಿದುದನ್ನು ಭದ್ರಪಡಿಸಿ ಬಿದ್ದುದನ್ನು ಮಾತ್ರ ಕಟ್ಟಬಹುದು ಎಂದು ಇಂಟ್ಯಾಕ್ ಸಂಸ್ಥೆಯವರೂ ಅವರಂತೆ ಯೋಚಿಸುವವರೂ. ಸಮಿತಿಗಳಾದುವು, ವರದಿಗಳಾದುವು. ವರ್ತಕರು ತಮ್ಮ ಅಂಗಡಿ ಮರಳಿ ದೊರೆಯುವುದೋ ಇಲ್ಲವೋ ಎಂಬ ಚಿಂತೆಯಿಂದ ನ್ಯಾಯಾಲಯದ ಮೆಟ್ಟಿಲೇರಿದರು. ೨೦೨೩ರಲ್ಲಿ ರಾಜ್ಯದ ಉಚ್ಚನ್ಯಾಯಾಲಯವು ಕೆಡಹುವುದಕ್ಕೆ ಅನುಕೂಲವಾದ ತೀರ್ಪನ್ನಿತ್ತಿತು.

"ಅದೇ ರೂಪದಲ್ಲಿ ಕಟ್ಟುತ್ತೇವೆ" ಎಂಬ ಮಾತಿನ ಮೇಲೆ ನಮ್ಮದೊಂದು ಟೀಕೆಯಿದೆ. ಅಜ್ಜಿಯ ಕಾಸಿನಸರವನ್ನು ಕರಗಿಸಿ, ಅದೇ ಮಾದರಿಯ ಗಿಲೀಟಿನ ಸರವನ್ನು ಮಾಡಿಸಿ ಕೊರಳಿಗೆ ಹಾಕಿಕೊಂಡರೆ ನೋಡುವವರಿಗೆ ಭೇದ ತಿಳಿಯದಿರಬಹುದು, ಹಾಕಿಕೊಂಡವರಿಗೆ ತಿಳಿಯುವುದು. ಹಾಗೆಂದು ಹರಿದುಬೀಳುವ ಸರವನ್ನು ಹಾಕಿಕೊಂಡು ಸಂತೆಗೆ ಹೋಗೆಂದು ಹೇಳುವವರು ನಾವಲ್ಲ. ಪ್ರಶ್ನೆಯಿರುವುದು ಸರವು ಹರಿಯುವ ಸ್ಥಿತಿಗೆ ಬಂದುದು ಹೇಗೆಂಬಲ್ಲಿ.

ಕಟ್ಟಡಗಳು ಒಂದು ದಿನದಲ್ಲಿ ಬೀಳುವುದಿಲ್ಲ. ಆ ಕಾಲದ ಕಟ್ಟಡಗಳಲ್ಲಿ ಸಿಮೆಂಟಿಲ್ಲ. ಇಟ್ಟಿಗೆ ಮತ್ತು ಸುಣ್ಣದ ಗಾರೆ. ಸುಣ್ಣವನ್ನು ದಿನಗಟ್ಟಲೆ ನೆನೆಹಾಕಿ, ಮರಳಿನೊಡನೆ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ಕಷಾಯಗಳನ್ನು ಬೆರಸಿ ಗಾರೆಯನ್ನು ಮಾಡುತ್ತಿದ್ದರು. ಮೇಲ್ಚಾವಣಿಗೆ ಮದ್ರಾಸ್ ತಾರಸಿ. ಎಂದರೆ ಮರದ ತೊಲೆಗಳ ಮೇಲೆ ತೆಳ್ಳಗಿನ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆಯಿಂದ ಕೂಡಿಸುವುದು. ಈ ಗಾರೆಯ ಗುಣವೇನೆಂದರೆ, ಗೋಡೆಯು ಮಳೆಗಾಲದಲ್ಲಿ ಹೀರಿದ ತೇವವನ್ನು ಬಿಸಿಲುಕಾಲದಲ್ಲಿ ಹೊರಕ್ಕೆ ಬಿಡುವುದು. ಇದನ್ನರಿಯದೆ ಬಿರುಕಿಗೆ ಮೇಲಿನಿಂದ ಸಿಮೆಂಟು ಬಳಿದರೆ ತೇವವು ಒಳಗೇ ನಿಂತು ಇಟ್ಟಿಗೆಯನ್ನೂ ತೊಲೆಯ ತುದಿಯನ್ನೂ ತಿನ್ನುತ್ತದೆ. ನೀರು ಹೋಗುವ ದೋಣಿಯಲ್ಲಿ ಕಸ ಕಟ್ಟುವುದು. ಹಕ್ಕಿ ಹಾಕಿದ ಅರಳಿಯ ಬೀಜ ಮೊಳೆಯುವುದು. ಅಂಗೈಯಗಲದ ಆ ಸಸಿಯನ್ನು ಮೊದಲನೆಯ ವರ್ಷ ಹುಡುಗನೊಬ್ಬನು ಕೀಳಬಲ್ಲನು. ಹತ್ತು ವರ್ಷಗಳಾದ ಮೇಲೆ ಅದನ್ನು ಕಿತ್ತರೆ ಗೋಡೆಯೂ ಅದರೊಡನೆ ಬರುವುದು.

ಮೊಮ್ಮಗನ ಪಕ್ಷದವರಿಗೆ ನಾವು ಹೇಳಬೇಕಾದುದು ಇಷ್ಟೇ. ಕಟ್ಟಡವು ಶಿಥಿಲವಾಗಿದೆಯೆಂಬುದು ಅದರ ವಯಸ್ಸಿನ ಸಾಕ್ಷ್ಯವಲ್ಲ, ಅದನ್ನು ನೋಡಿಕೊಳ್ಳಬೇಕಾದವರ ನಡತೆಯ ಸಾಕ್ಷ್ಯ. ವರ್ಷವರ್ಷವೂ ಬಾಡಿಗೆಯನ್ನು ಪಡೆದವರು ಒಂದು ಸಸಿಯನ್ನು ಕೀಳಿಸದೆ, ಕೊನೆಗೆ "ಇದು ಬಹಳ ಹಳೆಯದು, ಅಪಾಯಕಾರಿ" ಎಂದು ಕಟ್ಟಡದ ಮೇಲೆಯೇ ತಪ್ಪು ಹೊರಿಸಿದರೆ ಅದು ನ್ಯಾಯವೇ? ಅದೇ ಮೈಸೂರಿನಲ್ಲಿ, ಅದೇ ಕಾಲದ ಅನೇಕ ಕಟ್ಟಡಗಳು ಇಂದಿಗೂ ಗಟ್ಟಿಯಾಗಿ ನಿಂತು ಶಾಲೆಗಳಾಗಿ, ಕಚೇರಿಗಳಾಗಿ ಕೆಲಸ ಮಾಡುತ್ತಿವೆ. ಹೊಸ ಕಟ್ಟಡಕ್ಕೂ ಇದೇ ಉಪೇಕ್ಷೆಯಾದರೆ ನೂರು ವರ್ಷ ಬೇಕಾಗದು. ಕಾಂಕ್ರೀಟಿನೊಳಗಿನ ಕಬ್ಬಿಣವು ತುಕ್ಕು ಹಿಡಿದು ಉಬ್ಬಿದರೆ ಮೂವತ್ತು ನಲವತ್ತು ವರ್ಷಗಳಲ್ಲಿಯೇ ಚಾವಣಿಯು ಹೊಪ್ಪಳಿಕೆ ಏಳುವುದನ್ನು ಯಾವ ಊರಿನಲ್ಲಿ ಬೇಕಾದರೂ ನೋಡಬಹುದು.

ಬೆಂಗಳೂರಿನ ನಿದರ್ಶನವೊಂದನ್ನು ಇದರ ಜೊತೆಗಿಟ್ಟು ನೋಡಬೇಕು. ಕಬ್ಬನ್ ಉದ್ಯಾನದ ಅಂಚಿನ ಕೆಂಪು ಅಠಾರಾ ಕಚೇರಿಯು ೧೮೬೮ರಲ್ಲಿ ಸಿದ್ಧವಾದುದು; ಹದಿನೆಂಟು ಇಲಾಖೆಗಳಿಗೆ ಆಶ್ರಯ ಕೊಟ್ಟುದರಿಂದ ಆ ಹೆಸರು. ಸಚಿವಾಲಯವು ವಿಧಾನಸೌಧಕ್ಕೆ ಹೋದ ಮೇಲೆ ಅದು ಉಚ್ಚನ್ಯಾಯಾಲಯವಾಯಿತು. ೧೯೮೨ರಲ್ಲಿ ಅದನ್ನು ಕೆಡಹಬೇಕೆಂಬ ಯೋಚನೆ ಬಂದಾಗ ನಾಗರಿಕರು ಸುಮ್ಮನಿರದೆ ನ್ಯಾಯಾಲಯಕ್ಕೆ ಹೋದರು. ಯಾವ ಕಟ್ಟಡದ ಅಳಿವು ಉಳಿವುಗಳ ಪ್ರಶ್ನೆಯೋ ಆ ಕಟ್ಟಡದಲ್ಲಿಯೇ ವಾದ ನಡೆಯಿತೆಂಬುದು ಒಂದು ಸ್ವಾರಸ್ಯ. ಕಟ್ಟಡವು ಉಳಿಯಿತು, ಬೇಕಾದ ಸ್ಥಳವನ್ನು ಅದರ ಹಿಂದೆ ಅದಕ್ಕೊಪ್ಪುವಂತೆ ಕಟ್ಟಿಕೊಂಡರು. ದಿನವೂ ಸಾವಿರಾರು ಜನ ಅಲ್ಲಿಗೆ ಬರುತ್ತಾರೆ, ಸೋರಿದರೆ ಕೇಳುವವರಿದ್ದಾರೆ; ಆದುದರಿಂದ ಬದುಕಿದೆ.

ಕೇಳುವವರು ಹೊರಟುಹೋದರೆ ಏನಾಗುವುದೆಂಬುದನ್ನು ನೋಡಲು ತಾಯಲೂರಿನವರು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಯೇ ಇದೆ. ೧೯೦೨ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತನ್ನು ತರಿಸಿಕೊಂಡು ಜಗತ್ತಿಗೇ ಮಾದರಿಯಾದ ಊರು ಅದು. ೨೦೦೧ನೆಯ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಅಲ್ಲಿಯ ಬಂಗಲೆಗಳನ್ನೂ ಯಂತ್ರಶಾಲೆಗಳನ್ನೂ ಅಭಿವೃದ್ಧಿಯ ಹೆಸರಿನಲ್ಲಿ ಯಾರೂ ಕೆಡಹಿದವರಿಲ್ಲ. ಆದರೂ ಅವುಗಳಲ್ಲಿ ಎಷ್ಟೋ ಹಾಳುಬಿದ್ದುವು.

ಕಾನೂನಿನಿಂದಲೇ ಎಲ್ಲವನ್ನೂ ಉಳಿಸಬಹುದೆಂಬ ನಂಬಿಕೆಯೂ ಕೆಲವರಿಗಿದೆ. ಕೋಲಾರ ಪಟ್ಟಣದ ಕೋಲಾರಮ್ಮನ ಗುಡಿ, ಸೋಮೇಶ್ವರನ ಗುಡಿ, ಮುಳಬಾಗಿಲು ಬಳಿಯ ಆವಣಿಯ ರಾಮಲಿಂಗೇಶ್ವರನ ಗುಡಿಗಳು ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿವೆ. ೧೯೫೮ರ ಶಾಸನಕ್ಕೆ ೨೦೧೦ರಲ್ಲಿ ಆದ ತಿದ್ದುಪಡಿಯಂತೆ ಇಂತಹ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸದಾಗಿ ಕಟ್ಟಕೂಡದು. ಅದರಾಚೆಯ ಇನ್ನೂರು ಮೀಟರಿನಲ್ಲಿ ಕಟ್ಟುವುದಕ್ಕೆ ಅನುಮತಿ ಬೇಕು. ಗುಡಿಗೆ ಇದರಿಂದ ಕ್ಷೇಮ. ಆದರೆ ಗುಡಿಯ ಬೀದಿಯಲ್ಲಿ ಅಪ್ಪನ ಕಾಲದ ಎರಡಂಕಣದ ಮನೆಯಿರುವ ಸಂಸಾರಿಯು, ಮಗನ ಮದುವೆಗೆ ಮುನ್ನ ಮೇಲೊಂದು ಕೋಣೆ ಹಾಕಿಸಿಕೊಳ್ಳಲಾರದೆ, ಇರುವುದನ್ನು ದುರಸ್ತಿ ಮಾಡಿಸುವುದಕ್ಕೂ ಅರ್ಜಿ ಹಿಡಿದು ಅಲೆಯುವಂತಾದರೆ, ಅವನು ಗುಡಿಯ ಮಿತ್ರನಾಗಿ ಉಳಿಯುವನೇ? ನಿಯಮವನ್ನು ಸಡಿಲಿಸಬೇಕೆಂದು ನಾವು ಹೇಳುತ್ತಿಲ್ಲ. ಇಡೀ ನಾಡಿನ ಸ್ವತ್ತನ್ನು ಕಾಯುವ ಭಾರವನ್ನು ನೆರೆಯ ಹತ್ತು ಮನೆಗಳ ಮೇಲೆಯೇ ಹಾಕಿದಾಗ, ಆ ಹತ್ತು ಮನೆಗಳ ಅರ್ಜಿಗಳಿಗಾದರೂ ಬೇಗ ಉತ್ತರ ಕೊಡುವುದು ನಾಡಿನ ಕರ್ತವ್ಯ.

ಈಗ ತಾಯಲೂರಿನ ಸೋದರಿಗೆ. ತಾವು ಕೇಳಿದುದಕ್ಕೆ ನೇರವಾಗಿ ಹೇಳುವೆವು: ಕೆಡಹುವುದು ತಪ್ಪಲ್ಲ, ನೋಡದೆ ಕೆಡಹುವುದು ತಪ್ಪು. ಸಿಮೆಂಟಿನ ಮೇಸ್ತ್ರಿಯನ್ನು ಕರೆಸಿ ಕೇಳಿದರೆ ಅವನು ಕೆಡಹಿರೆಂದೇ ಹೇಳುವನು. ಅದು ಅವನ ಕಸುಬು. ಮಣ್ಣಿನ ಗೋಡೆಯನ್ನು ಬಲ್ಲ ಹಳಬರೊಬ್ಬರನ್ನು ಕರೆಸಿ, ಗೋಡೆಯು ವಾಲಿದೆಯೇ, ಬುಡವು ನೀರು ಕುಡಿದಿದೆಯೇ, ಕಂಬ ತೊಲೆಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ತೋರಿಸಿರಿ. ಗೋಡೆಯು ವಾಲಿದ್ದರೆ ಮಾವನವರ ಮನಸ್ಸನ್ನು ಒಪ್ಪಿಸಿ ಇಳಿಸುವುದೇ ಮೇಲು. ಒಳ್ಳೆಯ ಕಂಬಗಳನ್ನೂ ಬಾಗಿಲನ್ನೂ ಹೊಸ ಮನೆಗೆ ಬಳಸಿಕೊಳ್ಳಬಹುದು. ಗಟ್ಟಿಯಾಗಿದ್ದರೆ ಮಗನ ಹಣದಲ್ಲಿ ಮೊದಲು ಅಡಿಗೆಮನೆಗೆ ಎರಡು ಕಿಟಕಿ, ಹಿತ್ತಿಲಿನ ಕಡೆಗೆ ಸ್ನಾನದ ಮನೆ, ಶೌಚಗೃಹಗಳಾಗಲಿ. ಇಷ್ಟಾದರೆ ಹಳೆಯ ಮನೆಯ ಮೇಲಿನ ದೂರುಗಳಲ್ಲಿ ಮುಕ್ಕಾಲು ಪಾಲು ಹೋಗುವುವು. ಒಂದು ಪ್ರಶ್ನೆಯನ್ನು ಮಾತ್ರ ಮಾವನವರೂ ಮಗನೂ ಕೂಡಿ ಕುಳಿತು ಬಗೆಹರಿಸಬೇಕು: ಮಳೆಗಾಲಕ್ಕೆ ಮುಂಚೆ ವರ್ಷವರ್ಷವೂ ಹೆಂಚು ಕೈಯಾಡಿಸುವವರು ಯಾರು? ಆ ಕೆಲಸಕ್ಕೆ ಒಬ್ಬರು ಹೆಸರಿಟ್ಟು ನಿಲ್ಲದಿದ್ದರೆ ತಾತನ ಅಭಿಮಾನದಿಂದ ಸೋರುವುದು ನಿಲ್ಲುವುದಿಲ್ಲ.

ಇಷ್ಟರಿಂದ ಮುಗಿಸಬಹುದಾಗಿತ್ತು. ಆದರೆ ಕೋಲಾರದ ಸೀಮೆಯವರು ಹಳೆಯದು ಹೊಸದೆಂದು ಚರ್ಚಿಸುವಾಗ ಗುಡಿಯನ್ನೂ ಮನೆಯನ್ನೂ ಎಣಿಸಿ, ಎಲ್ಲಕ್ಕಿಂತ ದೊಡ್ಡದಾದ ಒಂದನ್ನು ಬಿಟ್ಟುಬಿಡುವುದುಂಟು. ಅದು ಕೆರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಹಿಂದಿನವರು ಇಳಿಜಾರನ್ನು ನೋಡಿ, ಒಂದರ ಕೋಡಿಯ ನೀರು ಮುಂದಿನದಕ್ಕೆ ಸೇರುವಂತೆ ಕೆರೆಗಳನ್ನು ಸಾಲಾಗಿ ಕಟ್ಟಿದರು. ತೂಬನ್ನು ತೆಗೆದು ಮುಚ್ಚುವುದಕ್ಕೆ, ಗದ್ದೆಗದ್ದೆಗೂ ನೀರು ಹಂಚುವುದಕ್ಕೆ, ಏರಿಯಲ್ಲಿ ಇಲಿ ಏಡಿಗಳ ಬಿಲವಾಗಿದೆಯೇ ಎಂದು ನೋಡುವುದಕ್ಕೆ ನೀರುಗಂಟಿಯೆಂಬವನಿದ್ದನು. ಬೆಳೆಯಲ್ಲಿ ಅವನಿಗೊಂದು ಪಾಲು ಸಲ್ಲುತ್ತಿತ್ತು. ಕೊಳವೆಬಾವಿಗಳು ಬಂದ ಮೇಲೆ ಕೆರೆಯ ನೀರನ್ನು ಕಾಯುವವರು ಕಡಮೆಯಾದರು, ನೀರುಗಂಟಿಯ ಕಸುಬು ಕ್ಷೀಣಿಸಿತು, ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು. ಬಾವಿಗಳು ಸಾವಿರ ಅಡಿಯನ್ನು ದಾಟಿದುವು.

ಬೆಂಗಳೂರಿನ ಹಿಂದಿನವರೂ ಹೀಗೆಯೇ ಕೆರೆಗಳನ್ನು ಕಟ್ಟಿದ್ದರು. ಬೆಳೆಯುವ ನಗರಕ್ಕೆ ಸ್ಥಳ ಬೇಕಾಯಿತು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಬಸ್ಸು ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಕೆರೆಯನ್ನು ಮುಚ್ಚಿದವರಿಗೆ ಮಳೆ ಬಂದರೆ ಬೀದಿಯೇ ಕೆರೆಯಾಗುವುದನ್ನು ನಾವು ಆಗಾಗ್ಗೆ ಪತ್ರಿಕೆಗಳಲ್ಲಿ ಓದುತ್ತೇವೆ. ಆ ನಗರವು ಬಳಸಿ ಬಿಟ್ಟ ನೀರನ್ನು ಶುದ್ಧೀಕರಿಸಿ ಕೋರಮಂಗಲ ಚಲ್ಲಘಟ್ಟ ಕಣಿವೆಯಿಂದ ಕೋಲಾರಕ್ಕೆ ಹರಿಸುವ ಯೋಜನೆಯೊಂದಾಯಿತು. ದಿನಕ್ಕೆ ನಲವತ್ತನಾಲ್ಕು ಕೋಟಿ ಲೀಟರು, ನೂರಿಪ್ಪತ್ತಕ್ಕೂ ಹೆಚ್ಚು ಕೆರೆಗಳಿಗೆ. ೨೦೧೮ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರದ ಕೆರೆಗೆ ಮೊದಲು ನೀರು ಬಂದಿತು. ಮುಂದಿನ ತಿಂಗಳೇ ನೊರೆ ಕಾಣಿಸಿ ದೊಡ್ಡ ಗದ್ದಲವಾಯಿತು, ವಿಷಯವು ನ್ಯಾಯಾಲಯಕ್ಕೂ ಹೋಯಿತು. ಎರಡು ಹಂತದ ಶುದ್ಧೀಕರಣವು ಸಾಲದು, ಮೂರನೆಯ ಹಂತವೂ ಬೇಕೆಂದು ಇಲ್ಲಿಯ ರೈತರು ಕೇಳುತ್ತಿರುವುದು ನ್ಯಾಯವಾದ ಬೇಡಿಕೆಯೆಂದೇ ನಮ್ಮ ಮತ. ಕುಡಿಯುವ ಬಾವಿಯ ಅಂತರ್ಜಲದ ಪ್ರಶ್ನೆಯಲ್ಲಿ ಮಿತವ್ಯಯ ಸಲ್ಲದು.

ಆದರೂ ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ನೀರನ್ನು ನಿಲ್ಲಿಸುವುದಕ್ಕೆ ಎಡೆಯಿದ್ದುದು ಕೋಲಾರದಲ್ಲಿ ಕೆರೆಗಳು, ಒಣಗಿಯಾದರೂ, ಉಳಿದಿದ್ದುವೆಂಬುದರಿಂದ. ಹೂಳು ತುಂಬಿದ್ದರೂ ಏರಿಯಿತ್ತು, ಕೋಡಿಯಿತ್ತು, ಒಂದರಿಂದೊಂದಕ್ಕೆ ಕಾಲುವೆಯಿತ್ತು. ಬೆಂಗಳೂರಿನ ರೀತಿಯನ್ನು ಹಿಡಿದು ಇವನ್ನೂ ನಿವೇಶನಗಳನ್ನಾಗಿ ಹಂಚಿದ್ದರೆ ಇಂದು ನೀರಿನ ಶುದ್ಧಿಯ ಬಗ್ಗೆ ಜಗಳವಾಡುವ ಅವಕಾಶವೂ ಇರುತ್ತಿರಲಿಲ್ಲ. ಮಾಲೂರು ಕೋಲಾರಗಳ ಕಡೆ ಬಡಾವಣೆಗಳು ಬೆಳೆಯುತ್ತಿರುವ ಈ ದಿನಗಳಲ್ಲಿ, ನಿವೇಶನವನ್ನು ಕೊಳ್ಳುವ ಮುನ್ನ ಅದು ಯಾವ ರಾಜಕಾಲುವೆಯ ಮೇಲಿದೆಯೆಂದು ಗ್ರಾಮದ ನಕ್ಷೆಯಲ್ಲಿ ನೋಡುವ ಅಭ್ಯಾಸವನ್ನು ನಮ್ಮ ವಾಚಕರಾದರೂ ಮಾಡಿಕೊಳ್ಳಲಿ.

ತಮ್ಮ ಊರಿನಲ್ಲಿ ಇಂದಿಗೂ ಕೆಲಸಕ್ಕೆ ಬರುತ್ತಿರುವ ಹಳೆಯ ಕೆರೆ, ಬಾವಿ, ಛತ್ರ, ಮನೆ ಯಾವುದುಂಟು, ಅದನ್ನು ವರ್ಷವರ್ಷವೂ ದುರಸ್ತಿ ಮಾಡುವವರು ಯಾರು, ಆ ಖರ್ಚು ಎಲ್ಲಿಂದ ಬರುವುದು ಎಂಬುದನ್ನು ವಾಚಕರು ಸಂಕ್ಷೇಪವಾಗಿ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸ್ಥಳವನ್ನು ಮಾಡಿಕೊಡುವೆವು. ನೀರುಗಂಟಿಯ ಕೆಲಸವನ್ನು ಈಗಲೂ ಮಾಡುತ್ತಿರುವವರು ಯಾವ ಊರಿನಲ್ಲಾದರೂ ಇದ್ದರೆ ಅವರ ವಿಷಯವನ್ನು ಮೊದಲು ಬರೆಯಿರಿ.